ಬಿಸಿಗಾಳಿ ಹೊರಗೇ ಬರುತ್ತಿರಲಿಲ್ಲ

ಏಪ್ರಿಲ್‌ನ ಒಂದು ಭಾನುವಾರ ಮೇಜಿಗೆ ಬಂದದ್ದು ನಾಲ್ಕು ವರ್ಷ ಹಳೆಯ ಗೇಮಿಂಗ್ ಲ್ಯಾಪ್‌ಟಾಪ್. ತಿಂಗಳ ಹಿಂದಷ್ಟೇ ಅಂಗಡಿಯೊಂದರಲ್ಲಿ ಧೂಳು ತೆಗೆಸಿ, ಚಿಪ್ಪುಗಳ ಕಾವನ್ನು ಹೀಟ್‌ಸಿಂಕಿಗೆ (ಕಾವು ಹೀರಿ ಸಾಗಿಸುವ ಲೋಹದ ಭಾಗಕ್ಕೆ) ದಾಟಿಸುವ ಪೇಸ್ಟು ಪ್ಯಾಡು ಎರಡನ್ನೂ ಬದಲಿಸಿದ್ದರು. ಮೊದಲು ಅರ್ಧ ಗಂಟೆ ಆಡಿದ ಮೇಲೆ ಆಫ್ ಆಗುತ್ತಿದ್ದ ಮಷೀನು, ಸರ್ವೀಸ್ ಆದ ಮೇಲೆ ಮೂರೇ ನಿಮಿಷಕ್ಕೆ ಆಫ್. ಕೂಲಿಂಗ್ ಸ್ಟ್ಯಾಂಡ್ ತಂದರೆ ಸರಿಹೋಗಬಹುದೇ ಎಂದು ಅದರ ಮಾಲೀಕರು ಕೇಳಿದರು.

ಸ್ಕ್ರೂ ಡ್ರೈವರ್ ಹಿಡಿಯುವ ಮೊದಲು ಅಳೆಯಬೇಕು. ವಿಂಡೋಸಿನ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆ ಸಾಲುಸಾಲಾಗಿ ಇತ್ತು. ಇದನ್ನೇ ಬಿಸಿಗೆ ಪುರಾವೆ ಅಂದುಕೊಳ್ಳುವವರು ಬಹಳ. ಮಷೀನು ಸರಿಯಾಗಿ ಶಟ್‌ಡೌನ್ ಆಗದೆ ನಿಂತಿದೆ ಎಂಬುದಷ್ಟೇ ಅದರ ಅರ್ಥ. ಅಡಾಪ್ಟರ್ ಕೈಕೊಟ್ಟರೂ ಅದೇ 41 ಬರುತ್ತದೆ. ಹಾಗಾಗಿ ಕಾವಿನ ಲೆಕ್ಕ ತೋರಿಸುವ ತಂತ್ರಾಂಶ ಎಚ್‌ಡಬ್ಲ್ಯೂಇನ್ಫೋದಲ್ಲಿ ಎರಡು ಸೆಕೆಂಡಿಗೊಮ್ಮೆ ಫೈಲಿಗೆ ಬರೆಯುವಂತೆ ಲಾಗಿಂಗ್ ಹಚ್ಚಿ, ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಡುವ ಸಿನಿಬೆಂಚ್ ಓಡಿಸಿದೆವು. ಮಷೀನು ಆರಿದರೂ ಬರೆದ ಸಾಲುಗಳು ಉಳಿದಿರುತ್ತವೆ.

ಉತ್ತರ ಆ ಸಾಲುಗಳಲ್ಲೇ ಇತ್ತು. ಲೋಡ್ (ಕೆಲಸದ ಹೊರೆ) ಬೀಳುವ ಮುಂಚೆ ಪ್ರೊಸೆಸರಿನ ಕಾವು 48 ಡಿಗ್ರಿ, ಮುಂದಿನ ಸಾಲಿಗೇ 99. ಪ್ರೊಸೆಸರಿನೊಳಗಿನ ಒಂದು ಕೋರ್ (ಲೆಕ್ಕ ಮಾಡುವ ಘಟಕ) 99 ಇದ್ದಾಗ ಇನ್ನೊಂದು 81. ಧೂಳು ಕಟ್ಟಿದರೆ ಕಾವು ಹೀಗೆ ನೆಗೆಯುವುದಿಲ್ಲ, ಹತ್ತು ಹದಿನೈದು ನಿಮಿಷ ನಿಧಾನಕ್ಕೆ ಏರುತ್ತದೆ. ಒಂದೇ ನೆಗೆತಕ್ಕೆ ಏರಿ, ಲೋಡ್ ತೆಗೆದ ಕೂಡಲೇ ಇಳಿದರೆ ಚಿಪ್ಪಿಗೂ ಹೀಟ್‌ಸಿಂಕಿಗೂ ಸರಿಯಾಗಿ ತಾಗುತ್ತಿಲ್ಲ. ಇನ್ನೊಂದು ಪರೀಕ್ಷೆಗೆ ಅಂಗೈ ಸಾಕು: ಗಾಳಿ ಹೊರಬರುವ ಕಿಂಡಿಯ ಮುಂದೆ ಹಿಡಿದರೆ ಉಗುರುಬೆಚ್ಚಗೆ ಮಾತ್ರ ಬರುತ್ತಿತ್ತು. ಒಳಗೆ 99 ಇರುವಾಗ ಇಷ್ಟೇನಾ? ಅಂದರೆ ಕಾವು ಫ್ಯಾನಿನವರೆಗೆ ತಲುಪುತ್ತಲೇ ಇಲ್ಲ. ಇಂಥದ್ದಕ್ಕೆ ಯಾವ ಸ್ಟ್ಯಾಂಡೂ ಉಪಯೋಗಕ್ಕೆ ಬಾರದು. ಈ ಪ್ರೊಸೆಸರ್ 100 ಡಿಗ್ರಿ ಮುಟ್ಟಿದಾಗ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ತಗ್ಗಿಸಿದರೂ ಕಾವು ಇಳಿಯದಿದ್ದಾಗ ಮಾತ್ರ ಕರೆಂಟನ್ನೇ ಕಡಿದುಕೊಳ್ಳುತ್ತದೆ.

ಅಡಾಪ್ಟರ್ ಕಿತ್ತು, ಮುಚ್ಚಳ ತೆಗೆದು, ಎಲ್ಲಕ್ಕಿಂತ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಪವರ್ ಬಟನ್ 20 ಸೆಕೆಂಡು ಒತ್ತಿ ಹಿಡಿದೆವು. ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕದಲ್ಲಿ ಅವುಗಳ ಕ್ರಮದ ನಂಬರ್ ಅಚ್ಚಾಗಿರುತ್ತದೆ, ಬಿಚ್ಚುವಾಗ ಅದನ್ನು ನೋಡಿಕೊಳ್ಳಬೇಕು. ಎತ್ತಿದಾಗ ಪ್ರೊಸೆಸರಿನ ಒಂದು ಅಂಚಿನಲ್ಲಿ ಪೇಸ್ಟು ತಾಮ್ರ ಕಾಣುವಷ್ಟು ತೆಳ್ಳಗೆ ಒತ್ತಿಹೋಗಿತ್ತು. ಎದುರಿನ ಅಂಚಿನಲ್ಲಿ ಟ್ಯೂಬಿನಿಂದ ಹಿಂಡಿದ ಗೆರೆ ಗೆರೆಯಾಗಿಯೇ ಕೂತಿತ್ತು.

ಅಡ್ಡ ನಿಂತದ್ದು ಪಕ್ಕದ ಪ್ಯಾಡುಗಳು. ವೋಲ್ಟೇಜ್ ಕೊಡುವ ಬಿಡಿಭಾಗಗಳ ಮೇಲೆ ಅಂಗಡಿಯವರು ಗಟ್ಟಿಯಾದ 1.5 ಮಿ.ಮೀ. ಪ್ಯಾಡ್ ಅಂಟಿಸಿದ್ದರು. ಅದೇ ಸಾಲಿನ ಮೂಲೆಯಲ್ಲಿ ಕಂಪನಿಯ ಹಳೆಯ ಪ್ಯಾಡೊಂದು ಉಳಿದಿತ್ತು. ಒತ್ತು ಬೀಳದ ಅದರ ಅಂಚನ್ನು ದಪ್ಪ ಅಳೆಯುವ ವರ್ನಿಯರ್‌ನಲ್ಲಿ ಹಿಡಿದರೆ 1 ಮಿ.ಮೀ. ಪೇಸ್ಟು ತುಂಬಬೇಕಾದದ್ದು ಕೂದಲೆಳೆಯಷ್ಟೂ ಇಲ್ಲದ ಸಂದು. ಅಲ್ಲಿ ಅರ್ಧ ಮಿಲಿಮೀಟರ್ ಹೆಚ್ಚಾದರೆ ಹೀಟ್‌ಸಿಂಕು ವಾಲಿ ಕೂರದೆ ಇನ್ನೇನು ಮಾಡೀತು? ಪ್ಯಾಡ್ ದಪ್ಪ ಇದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಎಷ್ಟೋ ಮಷೀನುಗಳನ್ನು ಕೆಡಿಸುತ್ತದೆ.

ಮೊದಲಿನ ಅರ್ಧ ಗಂಟೆಯ ಕಾಯಿಲೆಯೂ ವಾಸಿಯಾಗಿರಲಿಲ್ಲ. ಹೊರಗಿನಿಂದ ಬ್ಲೋವರ್ ಊದಿ ಧೂಳು ತೆಗೆದೆವು ಅಂತ ಅಂಗಡಿಯವರು ಅಂದಿದ್ದರು. ಫ್ಯಾನಿನ ಮೂರು ಸ್ಕ್ರೂ ತೆಗೆದು ನೋಡಿದರೆ, ಫ್ಯಾನಿಗೂ ಹೀಟ್‌ಸಿಂಕಿನ ತಾಮ್ರದ ರೆಕ್ಕೆಗಳಿಗೂ ನಡುವೆ ಧೂಳು ಕಂಬಳಿಯ ಚೂರಿನಂತೆ ಹೆಣೆದುಕೊಂಡಿತ್ತು. ಚಿಮುಟದಲ್ಲಿ ಎಳೆದಾಗ ಒಂದೇ ತುಂಡಾಗಿ ಕಳಚಿ ಬಂತು. ಉಳಿದದ್ದನ್ನು ಊದುವಾಗ ಫ್ಯಾನಿನ ಎಲೆಯನ್ನು ಬೆರಳಲ್ಲಿ ಹಿಡಿದಿರಬೇಕು. ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳು.

99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹಳೆಯ ಪೇಸ್ಟು ಒರೆಸಿ, ಮೆತ್ತನೆಯ 1 ಮಿ.ಮೀ. ಪ್ಯಾಡ್ ಇಟ್ಟು, ಮಾಮೂಲಿ ಪೇಸ್ಟು ಸವರಿ ಒಮ್ಮೆ ಬಿಗಿದು ಮತ್ತೆ ಬಿಚ್ಚಿದೆವು. ಪೇಸ್ಟಿನ ಅಚ್ಚು ನಾಲ್ಕೂ ಮೂಲೆಗೆ ಸಮನಾಗಿ ಬಂದಿತ್ತು. ಈ ಒಂದು ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ಆಮೇಲೆ ಅದನ್ನೂ ಒರೆಸಿ, ಬಿಸಿಗೆ ಮೆತ್ತಗಾಗಿ ಹರಡುವ ಪಿಟಿಎಂ 7950 ಹಾಳೆ ಕತ್ತರಿಸಿ ಇಟ್ಟದ್ದಾಯಿತು. ತೆಳುವಾದ ಪೇಸ್ಟು ಕಾದು ಆರಿ ಕಾದು ಆರಿ ಅಂಚಿಗೆ ಜಾರಿಬಿಡುತ್ತದೆ, ಈ ಹಾಳೆ ಅಷ್ಟು ಸುಲಭಕ್ಕೆ ಜಾರದು. ಫ್ರಿಜ್ಜಿನಲ್ಲಿ ಹತ್ತು ನಿಮಿಷ ಇಟ್ಟರೆ ಅದರ ಪ್ಲಾಸ್ಟಿಕ್ಕು ಚೆನ್ನಾಗಿ ಬಿಡುತ್ತದೆ. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ, ಅರ್ಧರ್ಧ ಸುತ್ತು ಬಿಗಿದು, ಕೊನೆಯಲ್ಲಿ ಬ್ಯಾಟರಿ ಜೋಡಿಸಿದೆವು.

ಕೋಣೆಯಲ್ಲಿ 34 ಡಿಗ್ರಿ ಸೆಕೆ. ಅರ್ಧ ಗಂಟೆ ಸಿನಿಬೆಂಚ್ ಓಡಿದ ಮೇಲೆ ಅತಿ ಬಿಸಿ ಕೋರ್ 87, ಅತಿ ತಂಪಿನದು 81. ಕಿಂಡಿಯ ಮುಂದೆ ಈಗ ಕೈ ಇಡಲಾಗದಷ್ಟು ಬಿಸಿಗಾಳಿ.