ಅಡುಗೆಮನೆ ಕಿಟಕಿಯ ಗಾಜಿನ ಕುಂಬಳಕಾಯಿ

ದಸರಾ ಬೊಂಬೆಗಳನ್ನು ಹಳೇ ಸೀರೆ ತುಂಡಿನಲ್ಲಿ ಸುತ್ತಿ ಮೇಲಿಟ್ಟ ಮೇಲೆ, ನಮ್ಮ ಮನೆಯಲ್ಲಿ ಇನ್ನೊಂದು ಪೆಟ್ಟಿಗೆ ಕೆಳಗಿಳಿಯುತ್ತದೆ. ಅದರಲ್ಲಿರುವುದು ಅಕ್ಟೋಬರ್ 31ರಂದು ಮಕ್ಕಳು ವೇಷ ಹಾಕಿ ಮನೆಮನೆಗೆ ಮಿಠಾಯಿಗೆ ಹೋಗುವ ಹಬ್ಬ, ಹ್ಯಾಲೋವೀನ್‌ನ ಗಾಜಿನ ಬೊಂಬೆಗಳು. ಮಾಟಗಾತಿ, ಬಿಳಿ ದೆವ್ವ, ಕಪ್ಪು ಬೆಕ್ಕು, ಕುಂಬಳಕಾಯಿ. ಇಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ಬೀದಿಯ ಎಲ್ಲ ಮನೆಗಳ ಮೆಟ್ಟಿಲ ಮೇಲೂ ಕೆತ್ತಿದ ಕುಂಬಳಕಾಯಿ ಇರುತ್ತೆ. ಆದರೆ ಕೆತ್ತಿದ ಕಾಯಿ ಒಂದು ವಾರ ಉಳಿಯುವುದೇ ಕಷ್ಟ. ಅಳಿಲು ತಿನ್ನುತ್ತದೆ, ಒಳಗೆಲ್ಲ ಬೂಷ್ಟು ಹಿಡಿಯುತ್ತದೆ. ಅದಕ್ಕೇ ನನಗೆ ಗಾಜಿನದರ ಮೇಲೆ ಆಸೆ ಬಂದಿದ್ದು.

ಇರುವುದರಲ್ಲೆಲ್ಲ ನನಗೆ ಜಾಸ್ತಿ ಇಷ್ಟವಾದದ್ದು ನಾನೇ ಊದಿದ ಕುಂಬಳಕಾಯಿ. ಕಾರ್ನಿಂಗ್‌ ಊರಿನ ಗಾಜಿನ ಮ್ಯೂಸಿಯಂ ನಮ್ಮಿಂದ ಕಾರಿನಲ್ಲಿ ಎರಡು ಗಂಟೆ ದಾರಿ. ಹೋದವರಿಗೆ ಅಲ್ಲಿ ಗಾಜು ಊದಿಸುತ್ತಾರೆ. ಕುಲುಮೆಯೊಳಗೆ ಶಾಖ 1,100 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ. ಉದ್ದನೆ ಕಬ್ಬಿಣದ ಕೊಳವೆಯ ತುದಿಗೆ ಗಾಜು ಸುತ್ತಿ ಹೊರಗೆ ತೆಗೆದರು ನೋಡಿ, ನನಗೆ ಮಂಡ್ಯದ ಆಲೆಮನೆಯೇ ಕಣ್ಣ ಮುಂದೆ ಬಂತು. ಕೊಪ್ಪರಿಗೆಯ ಪಾಕ ಹಾಗೇ ಇಳಿಯುತ್ತಿತ್ತಲ್ಲ, ಅದೇ ಬಣ್ಣ, ಅದೇ ಹದ. ಕೊಳವೆಯನ್ನು ತಿರುಗಿಸುತ್ತಲೇ ಇರಬೇಕು. ನಿಲ್ಲಿಸಿದರೆ ಗಾಜು ಒಂದು ಕಡೆಗೆ ಜೋತುಬೀಳುತ್ತದೆ.

ಆ ಮುದ್ದೆಯನ್ನು ಕಿತ್ತಳೆ ಬಣ್ಣದ ಗಾಜಿನ ಚೂರುಗಳಲ್ಲಿ ಹೊರಳಿಸಿದರು, ಉಂಡೆಯನ್ನು ಎಳ್ಳಿನಲ್ಲಿ ಹೊರಳಿಸಿದ ಹಾಗೆ. ಚೂರುಗಳು ಉಪ್ಪಿಟ್ಟಿನ ರವೆಯಷ್ಟು ದಪ್ಪ. ಆಮೇಲೆ ಏಣು ಏಣಿರುವ ಲೋಹದ ಅಚ್ಚಿಗೆ ಇಳಿಸಿದರು. ಕುಂಬಳಕಾಯಿಯ ಗೆರೆಗಳು ಬರುವುದು ಅದರಿಂದಲೇ. ಊದಿ ಅಂದರು. ಮೊದಲು ಎಷ್ಟು ಊದಿದರೂ ಏನೂ ಆಗಲಿಲ್ಲ, ಕೆನ್ನೆ ನೋವು ಬಂತು. ಇದ್ದಕ್ಕಿದ್ದಂತೆ ಗಾಜು ಸಡಿಲಗೊಂಡು ಮೆಲ್ಲಗೆ ಉಬ್ಬಿತು. ಕೊನೆಗೆ ಮೇಲೊಂದು ಹಸಿರು ಗಾಜಿನ ತೊಟ್ಟು ಸುರಿದು, ಇಕ್ಕಳದಲ್ಲಿ ಎಳೆದು ಬಳ್ಳಿಯ ಕುಡಿ ಹಾಗೆ ಸುತ್ತಿದರು.

ಅವತ್ತೇ ಮನೆಗೆ ತರಲು ಆಗಲ್ಲ. ಸುಮಾರು 480 ಡಿಗ್ರಿಯ ಒಲೆಯೊಳಗಿಟ್ಟು ರಾತ್ರಿಯಿಡೀ ನಿಧಾನಕ್ಕೆ ಆರಿಸುತ್ತಾರೆ. ಹೊರಗಿನ ಗಾಜು ಬೇಗ ಗಟ್ಟಿಯಾಗಿ ಒಳಗಿನದು ಇನ್ನೂ ಬಿಸಿಯಿದ್ದರೆ ಎಳೆತ ಉಳಿದುಬಿಡುತ್ತದೆ. ಆಮೇಲೆ ಯಾವತ್ತೋ ಒಂದು ದಿನ, ಯಾರೂ ಮುಟ್ಟದೇ ಇದ್ದರೂ, ಸೀಳಬಹುದು.

ನೇತುಹಾಕುವ ಬೊಂಬೆಗಳದ್ದು ಬೇರೆ ಕೆಲಸ. ಗಾಜಿನ ಕ್ರಿಸ್ಮಸ್ ಅಲಂಕಾರಗಳಿಗೆ ಹೆಸರಾದ ಊರು ಜರ್ಮನಿಯ ಲೌಶಾ. ಅಲ್ಲಿ 1597ರಿಂದಲೂ ಗಾಜಿನ ಕೆಲಸ ಇದೆ. ತೆಳು ಗಾಜನ್ನು ಅಚ್ಚಿನಲ್ಲಿ ಊದಿ, ಒಳಗೆ ಬೆಳ್ಳಿಯ ದ್ರಾವಣ ಹಾಕಿ ಅಲುಗಾಡಿಸುತ್ತಾರೆ. ಒಳಗೋಡೆ ಕನ್ನಡಿಯಾಗುತ್ತದೆ. ಹೊರಗಡೆ ಕೈಯಲ್ಲಿ ಬಣ್ಣ. ನನ್ನ ಮಾಟಗಾತಿಯನ್ನು ಮಾಡಿದ್ದೂ ಇದೇ ರೀತಿ. ಇಡೀ ಬೊಂಬೆ ಒಂದು ಮೊಟ್ಟೆಯಷ್ಟೂ ತೂಕವಿಲ್ಲ. ಮೊದಲ ವರ್ಷ ಧೂಳು ಕೂತಿದೆ ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಎಡಗಣ್ಣಿನ ಕಪ್ಪು ಬಣ್ಣ ಬಟ್ಟೆಗೆ ಬಂದುಬಿಡ್ತು. ತುಂಬ ಬೇಜಾರಾಯ್ತು. ನಿಮ್ಮ ಹತ್ತಿರ ಇಂಥವಿದ್ದರೆ ದಯವಿಟ್ಟು ನೀರು ಮುಟ್ಟಿಸಬೇಡಿ. ಒಣಗಿದ ಮೆತ್ತನೆ ಕುಂಚ ಸಾಕು. ಮೇಲಿನ ತಗಡಿನ ಮುಚ್ಚಳ ಹಿಡಿದು ಎತ್ತಬೇಡಿ, ಹೊಟ್ಟೆಗೆ ಕೈ ಕೊಟ್ಟು ಎತ್ತಿ. ಮುಚ್ಚಳದ ತಂತಿ ಯಾವಾಗ ಬೇಕಾದರೂ ಜಾರುತ್ತದೆ. ಸುತ್ತಿಡುವುದಕ್ಕೆ ಅಮ್ಮ ದಸರಾ ಬೊಂಬೆಗೆ ಬಳಸುವ ಹಳೇ ಹತ್ತಿ ಸೀರೆಗಿಂತ ಒಳ್ಳೆಯದು ನನಗಂತೂ ಸಿಕ್ಕಿಲ್ಲ.

ಕುಂಬಳಕಾಯಿಯನ್ನು ನಿನ್ನೆ ಪಶ್ಚಿಮದ ಕಿಟಕಿಯಲ್ಲಿಟ್ಟೆ. ಸಂಜೆ ನಾಲ್ಕಕ್ಕೆ ಬಿಸಿಲು ಬಂದಾಗ ಅದರ ಕಿತ್ತಳೆ ಗೆರೆಗಳು ದೋಸೆ ಹಿಟ್ಟಿನ ಪಾತ್ರೆಯ ಮೇಲೆ ಬಿದ್ದವು. ಮಗ ಬಂದು ಒಂದು ಕಣ್ಣಿನ ಮಾಟಗಾತಿಯನ್ನು ಬೀದಿ ಕಡೆಗೆ ತಿರುಗಿಸಿದ. 31ರ ರಾತ್ರಿ ಮಿಠಾಯಿಗೆ ಬರೋ ಮಕ್ಕಳಿಗೆ ಅವಳೇ ಮೊದಲು ಕಾಣಬೇಕಂತೆ.