ಫೆಬ್ರುವರಿ 29 ಮತ್ತು ನಮ್ಮ ಗಣಿತದ ಮೇಷ್ಟ್ರು

ನಾಲ್ಕು ವರ್ಷಕ್ಕೊಮ್ಮೆ ಫೆಬ್ರುವರಿಗೆ ಒಂದು ದಿನ ಹೆಚ್ಚು ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಆ ದಿನ ಎಲ್ಲಿಂದ ಬಂತು, ಯಾವ ವರ್ಷ ಬರುವುದಿಲ್ಲ, ಅವತ್ತು ಹುಟ್ಟಿದವರ ಲೆಕ್ಕ ಹೇಗೆ ಅನ್ನುವುದನ್ನು ಮಂಡ್ಯದ ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟ್ರಷ್ಟು ಬಿಡಿಸಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ. 1996ರ ಫೆಬ್ರುವರಿ 29 ಗುರುವಾರ ಬಂದಿತ್ತು. ಪರೀಕ್ಷೆ ಹತ್ತಿರವಿದ್ದರೂ ಅವತ್ತಿನ ಪಾಠವನ್ನು ಅವರು ಈ ವಿಷಯಕ್ಕೇ ಇಟ್ಟರು. ಅದು ಮಾಜಿ ಪ್ರಧಾನಿ ಮೊರಾರ್ಜಿ ದೇಸಾಯಿಯವರು ಹುಟ್ಟಿ ಸರಿಯಾಗಿ ನೂರು ವರ್ಷ ತುಂಬಿದ ದಿನವೂ ಆಗಿತ್ತು. ಹೊಸ ಮಕ್ಕಳಿಗೆ ಉಪಯೋಗವಾಗಲಿ ಎಂದು ಆ ಪಾಠವನ್ನು ಇಲ್ಲಿ ಬರೆದಿದ್ದೇನೆ. ಆಮೇಲಿನ ವರ್ಷಗಳ ಉದಾಹರಣೆಗಳನ್ನು ನಾನು ಸೇರಿಸಿದ್ದು.

ಬೋರ್ಡಿನ ಮೇಲೆ ಮೊದಲು ಬಂದದ್ದು ಒಂದು ಅಳತೆ: 365 ದಿನ, 5 ಗಂಟೆ, 48 ನಿಮಿಷ, 45 ಸೆಕೆಂಡು. ಋತುಗಳು ಒಂದು ಪೂರ್ತಿ ಸುತ್ತು ಮುಗಿಸಲು ಹಿಡಿಯುವ ಸರಾಸರಿ ಕಾಲ ಅದು. ಕ್ಯಾಲೆಂಡರಿಗೆ ಅರ್ಧ ದಿನ, ಕಾಲು ದಿನ ಹಾಕಲು ಬರುವುದಿಲ್ಲ, ಇಡೀ ದಿನವೇ ಬೇಕು. ಹಾಗಾಗಿ ಮಿಕ್ಕ ಗಂಟೆಗಳನ್ನು ಅಂಗಡಿಯ ಬಾಕಿ ಪುಸ್ತಕದಂತೆ ಕೂಡಿಡಬೇಕು ಎಂದು ಹೇಳಿ ಮೇಷ್ಟ್ರು ಲೆಕ್ಕ ಶುರು ಮಾಡಿದರು.

ನಾಲ್ಕು ವರ್ಷಕ್ಕೆ ಬಾಕಿ 23 ಗಂಟೆ 15 ನಿಮಿಷ. ಅದಕ್ಕೆ ಒಂದು ದಿನ, ಅಂದರೆ 24 ಗಂಟೆ ಕೊಟ್ಟರೆ 45 ನಿಮಿಷ ಜಾಸ್ತಿ ಕೊಟ್ಟಂತಾಯಿತು. ನೂರು ವರ್ಷದಲ್ಲಿ ಹೀಗೆ 25 ಸಲ ಕೊಟ್ಟರೆ ಜಾಸ್ತಿ ಹೋದದ್ದು 18 ಗಂಟೆ 45 ನಿಮಿಷ. ಅದಕ್ಕೇ ಶತಮಾನದ ವರ್ಷದಲ್ಲಿ ಆ ದಿನವನ್ನು ಕೊಡದೆ ತಡೆಹಿಡಿಯುತ್ತಾರೆ. ತಡೆಹಿಡಿದ ಮೇಲೆ 5 ಗಂಟೆ 15 ನಿಮಿಷ ಕಡಿಮೆ ಬೀಳುತ್ತದೆ. ನಾಲ್ಕು ಶತಮಾನಕ್ಕೆ ಆ ಕೊರತೆ 21 ಗಂಟೆ. ಆದ್ದರಿಂದ 400ನೇ ವರ್ಷದಲ್ಲಿ ದಿನವನ್ನು ಮತ್ತೆ ಕೊಡುತ್ತಾರೆ, 3 ಗಂಟೆ ಜಾಸ್ತಿ ಉಳಿಯುತ್ತದೆ. ಆ 3 ಗಂಟೆ ಒಂದು ದಿನವಾಗಿ ಬೆಳೆಯಲು 3200 ವರ್ಷ ಬೇಕು.

"ಸೂತ್ರ ಉರು ಹೊಡೀಬೇಡ್ರೋ, ಬಾಕಿ ನೋಡ್ರಿ" ಅನ್ನುತ್ತಿದ್ದರು. ಲೆಕ್ಕ ಕಣ್ಣಿಗೆ ಕಂಡ ಮೇಲೆ ಸೂತ್ರ ತಾನಾಗಿಯೇ ಬರುತ್ತದೆ: ಇಸವಿ 4ರಿಂದ ಭಾಗವಾದರೆ ಅಧಿಕ ವರ್ಷ, 100ರಿಂದ ಭಾಗವಾದರೆ ಅಲ್ಲ, 400ರಿಂದ ಭಾಗವಾದರೆ ಮತ್ತೆ ಹೌದು. 1900 ಅಲ್ಲ, 2000 ಹೌದು, 2100 ಅಲ್ಲ. 2000 ಇನ್ನೂ ಬಂದಿರಲಿಲ್ಲವಾದ್ದರಿಂದ ಅದರ ಬಗ್ಗೆ ವಿಶೇಷವಾಗಿ ಎಚ್ಚರಿಸಿದ್ದರು. ನೂರರ ನಿಯಮ ಮಾತ್ರ ಗೊತ್ತಿದ್ದವರು ಅದನ್ನು ತಪ್ಪಾಗಿ ಹೇಳುತ್ತಾರೆ, ನಾಲ್ಕರ ನಿಯಮ ಮಾತ್ರ ಗೊತ್ತಿದ್ದವರು ಕಾರಣ ತಿಳಿಯದೆಯೂ ಸರಿಯಾಗಿ ಹೇಳಿಬಿಡುತ್ತಾರೆ.

ಈ ಲೆಕ್ಕ ಒಂದೇ ಸಲಕ್ಕೆ ಸರಿಹೋದದ್ದಲ್ಲ. ಜೂಲಿಯಸ್ ಸೀಸರನ ಕ್ಯಾಲೆಂಡರು ಕ್ರಿ.ಪೂ. 45ರಲ್ಲಿ ಜಾರಿಗೆ ಬಂದಾಗ ನಾಲ್ಕು ವರ್ಷಕ್ಕೊಂದು ದಿನ ಎಂದಿತ್ತು. ರೋಮಿನ ಪುರೋಹಿತರು ಹಿಂದಿನ ಅಧಿಕ ವರ್ಷವನ್ನೂ ಸೇರಿಸಿ ನಾಲ್ಕು ಎಣಿಸಿದ್ದರಿಂದ ಮೂರು ವರ್ಷಕ್ಕೊಮ್ಮೆಯೇ ದಿನ ಸೇರಿಸುತ್ತಾ ಹೋದರು. ಅಗಸ್ಟಸ್ ಬಂದು ಕೆಲವು ಅಧಿಕ ದಿನಗಳನ್ನು ಬಿಡಿಸಿ ಅದನ್ನು ಸರಿಮಾಡಬೇಕಾಯಿತು. ಅದಾದ ಮೇಲೂ ನಾಲ್ಕು ವರ್ಷಕ್ಕೆ 45 ನಿಮಿಷದ ಹೆಚ್ಚಳ ಹಾಗೇ ಉಳಿದಿತ್ತು. 128 ವರ್ಷಕ್ಕೆ ಒಂದು ದಿನದಂತೆ ಅದು ಬೆಳೆದು, 1582ರ ಹೊತ್ತಿಗೆ ಮಾರ್ಚ್ 21ರ ಸುಮಾರಿಗೆ ಬರಬೇಕಾದ ವಸಂತ ವಿಷುವ (ಹಗಲು ರಾತ್ರಿ ಸಮವಾಗುವ ದಿನ) ಮಾರ್ಚ್ 11ಕ್ಕೆ ಬರುತ್ತಿತ್ತು. ಪೋಪ್ 13ನೇ ಗ್ರೆಗರಿ ಆ ವರ್ಷದ ಅಕ್ಟೋಬರ್ 4 ಗುರುವಾರದ ಮರುದಿನವನ್ನು ಅಕ್ಟೋಬರ್ 15 ಶುಕ್ರವಾರ ಎಂದು ಮಾಡಿದರು. ಇಂಗ್ಲೆಂಡು ಮತ್ತು ಅದರ ವಸಾಹತುಗಳು ಒಪ್ಪಿದ್ದು 1752ರಲ್ಲಿ. ಅಷ್ಟರಲ್ಲಿ ವ್ಯತ್ಯಾಸ 11 ದಿನವಾಗಿತ್ತು, ಸೆಪ್ಟೆಂಬರ್ 2ರ ಮರುದಿನವೇ 14 ಬಂತು. ಆ ಕಾಲದ ಇಂಗ್ಲಿಷರ ಕಾಗದಪತ್ರ ಓದುವ ಇತಿಹಾಸದ ವಿದ್ಯಾರ್ಥಿಗಳು ಇದನ್ನು ಮರೆತರೆ ತಾರೀಖು ಹನ್ನೊಂದು ದಿನ ಆಚೀಚೆ ಆಗುತ್ತದೆ.

ಇನ್ನು ಹುಟ್ಟುಹಬ್ಬದ ವಿಷಯ. ಮೊರಾರ್ಜಿಯವರು ಹುಟ್ಟಿದ್ದು 1896ರ ಫೆಬ್ರುವರಿ 29, ತೀರಿಕೊಂಡದ್ದು 1995ರ ಏಪ್ರಿಲ್ 10. ಹುಟ್ಟಿದ ಮೇಲೆ ಅವರಿಗೆ ಎಷ್ಟು ಫೆಬ್ರುವರಿ 29 ಸಿಕ್ಕವು ಎಂದು ಮೇಷ್ಟ್ರು ಕೇಳಿದರು. 99ನ್ನು 4ರಿಂದ ಭಾಗಿಸಿದರೆ 24 ಬರುತ್ತದೆ. ಉತ್ತರ 23. 1900ರಲ್ಲಿ ಆ ದಿನವೇ ಇರಲಿಲ್ಲವಾದ್ದರಿಂದ ಮೊರಾರ್ಜಿಯವರ ಮೊದಲ ಫೆಬ್ರುವರಿ 29 ಬಂದದ್ದು 1904ರಲ್ಲಿ, ಎಂಟು ವರ್ಷ ತುಂಬಿದಾಗ. ಅದೇ ದಿನ, 1904ರ ಫೆಬ್ರುವರಿ 29ರಂದು, ಮುಂದೆ ಚೆನ್ನೈನಲ್ಲಿ ಕಲಾಕ್ಷೇತ್ರ ಎಂಬ ನೃತ್ಯಶಾಲೆ ಕಟ್ಟಿದ ರುಕ್ಮಿಣೀದೇವಿ ಅರುಂಡೇಲ್ ಹುಟ್ಟಿದರು. 1986ರ ಫೆಬ್ರುವರಿ 24ರಂದು ತೀರಿಕೊಳ್ಳುವಷ್ಟರಲ್ಲಿ ಅವರಿಗೆ ಅಂಥ 20 ದಿನಗಳು ಸಿಕ್ಕಿದ್ದವು. ಇಂಥ ಎಂಟು ವರ್ಷದ ಕಾಯುವಿಕೆ ಮುಂದೆ ಬರುವುದು 2096ರಲ್ಲಿ ಹುಟ್ಟುವ ಮಕ್ಕಳಿಗೆ.

ಉಳಿದ ಮೂರು ವರ್ಷ ಹುಟ್ಟುಹಬ್ಬ ಫೆಬ್ರುವರಿ 28ಕ್ಕೋ ಮಾರ್ಚ್ 1ಕ್ಕೋ? ಇದು ಮನೆಮನೆಯ ಜಗಳ. ಮೇಷ್ಟ್ರು ಇದನ್ನು ಇಷ್ಟಾನಿಷ್ಟಕ್ಕೆ ಬಿಡದೆ ಹುಟ್ಟಿದ ಹೊತ್ತನ್ನು ಕೇಳುತ್ತಿದ್ದರು. 2024ರ ಫೆಬ್ರುವರಿ 29ರ ಮಧ್ಯಾಹ್ನ 12ಕ್ಕೆ ಒಂದು ಮಗು ಹುಟ್ಟಿತು ಅನ್ನಿ. ಮೇಲಿನ ಅಳತೆಯಂತೆ ಮಗುವಿಗೆ ಒಂದು ವರ್ಷ ತುಂಬುವುದು 2025ರ ಫೆಬ್ರುವರಿ 28ರ ಸಂಜೆ 5 ಗಂಟೆ 48 ನಿಮಿಷಕ್ಕೆ. ಎರಡು ತುಂಬುವುದು 2026ರ ಫೆಬ್ರುವರಿ 28ರ ರಾತ್ರಿ 11 ಗಂಟೆ 37 ನಿಮಿಷಕ್ಕೆ. ಮೂರು ತುಂಬುವಾಗ ಮಧ್ಯರಾತ್ರಿ ದಾಟಿ 2027ರ ಮಾರ್ಚ್ 1ರ ಬೆಳಗಿನ ಜಾವ 5 ಗಂಟೆ 26 ನಿಮಿಷ ಆಗಿರುತ್ತದೆ. ನಾಲ್ಕನೆಯದು 2028ರ ಫೆಬ್ರುವರಿ 29ರ ಬೆಳಿಗ್ಗೆ 11 ಗಂಟೆ 15 ನಿಮಿಷ, ಮತ್ತೆ ಅದೇ ತಾರೀಖು.

ಇದರಿಂದ ಹುಟ್ಟಿದ ಮೇಲಿನ ಮೊದಲ ಮೂರು ವರ್ಷಕ್ಕೆ ನೇರವಾದ ನಿಯಮವೇ ಸಿಗುತ್ತದೆ. ಬೆಳಿಗ್ಗೆ ಆರೂವರೆಯೊಳಗೆ ಹುಟ್ಟಿದವರಿಗೆ ಮೂರು ವರ್ಷವೂ ಫೆಬ್ರುವರಿ 28. ಸಂಜೆ ಆರೂಕಾಲಿನ ನಂತರ ಹುಟ್ಟಿದವರಿಗೆ ಮೂರು ವರ್ಷವೂ ಮಾರ್ಚ್ 1. ನಡುವಿನ ಹೊತ್ತಿನಲ್ಲಿ ಹುಟ್ಟಿದವರಿಗೆ ಕೆಲವು ವರ್ಷ ಅದು, ಕೆಲವು ವರ್ಷ ಇದು. ಇಷ್ಟು ಸುಲಭದ ಲೆಕ್ಕ ಕೈಯಲ್ಲಿರುವಾಗ ಜಗಳ ಯಾಕೆ ಅನ್ನುವುದು ಅವರ ವಾದ, ನನ್ನದೂ ಅದೇ.

ಹೊತ್ತು ಗೊತ್ತಿಲ್ಲದವರಿಗೂ ಒಂದು ದಾರಿಯಿದೆ. ವಿಜ್ಞಾನಿ ಮೇಘನಾದ ಸಹಾ ಅವರ ಸಮಿತಿ ಶಿಫಾರಸು ಮಾಡಿ, 1957ರ ಮಾರ್ಚ್ 22ರಿಂದ ಜಾರಿಗೆ ಬಂದ ನಮ್ಮ ರಾಷ್ಟ್ರೀಯ ಶಕ ಪಂಚಾಂಗದಲ್ಲಿ ಅಧಿಕ ದಿನ ಸೇರುವುದು ಚೈತ್ರಕ್ಕೆ. ಆ ವರ್ಷ ಚೈತ್ರಕ್ಕೆ 30ರ ಬದಲು 31 ದಿನ. ಫಾಲ್ಗುಣಕ್ಕೆ ಯಾವಾಗಲೂ 30 ದಿನ, ಶುರುವಾಗುವುದು ಫೆಬ್ರುವರಿ 20ಕ್ಕೆ. ಫೆಬ್ರುವರಿ 29 ಅಂದರೆ ಫಾಲ್ಗುಣ 10. ಸಾಮಾನ್ಯ ವರ್ಷದಲ್ಲಿ ಅದೇ ಫಾಲ್ಗುಣ 10 ಮಾರ್ಚ್ 1ಕ್ಕೆ ಬೀಳುತ್ತದೆ. ಅಂದರೆ ಸರ್ಕಾರದ ಈ ಪಂಚಾಂಗದಲ್ಲಿ ಫೆಬ್ರುವರಿ 29ರ ಮಗುವಿಗೂ ಪ್ರತಿ ವರ್ಷ ತಪ್ಪದೆ ಹುಟ್ಟುಹಬ್ಬವಿದೆ. ಇದನ್ನು ಹಬ್ಬದ ಪಂಚಾಂಗದ ಫಾಲ್ಗುಣ ಮಾಸದ ಜೊತೆ ಬೆರೆಸಬಾರದು. ಅದು ಚಾಂದ್ರಮಾನ, ಇದು ಸೌರಮಾನ.

ಚಾಂದ್ರಮಾನದ ತೊಡಕು ಇನ್ನೂ ದೊಡ್ಡದು. ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ, ವರ್ಷಕ್ಕೆ ಸುಮಾರು 11 ದಿನ ಬಾಕಿ. ಅದನ್ನು ತೀರಿಸಲು ಒಂದು ದಿನ ಸಾಲದು, ಇಡೀ ತಿಂಗಳು ಬೇಕು. ಎರಡು ಅಮಾವಾಸ್ಯೆಗಳ ನಡುವೆ ಸೂರ್ಯ ಸಂಕ್ರಮಣವೇ ಆಗದ ತಿಂಗಳು ಅಧಿಕ ಮಾಸ. 19 ವರ್ಷಕ್ಕೆ 7 ಬರುತ್ತವೆ. 1996ರಲ್ಲಿ ಫೆಬ್ರುವರಿ 29ರ ಜೊತೆಗೆ ಅಧಿಕ ಆಷಾಢವೂ ಇತ್ತು, ಅದೇ ಅಧಿಕ ಆಷಾಢ ಮತ್ತೆ ಬಂದದ್ದು 2015ರಲ್ಲಿ. 2020ರಲ್ಲೂ ಫೆಬ್ರುವರಿ 29, ಅಧಿಕ ಮಾಸ ಎರಡೂ ಕೂಡಿ ಬಂದವು. ಮೈಸೂರು ದಸರಾ ನೋಡಿದವರಿಗೆ ಆ ವರ್ಷ ನೆನಪಿರುತ್ತದೆ: ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 17ಕ್ಕೆ ಮುಗಿದರೂ ನಡುವೆ ಅಧಿಕ ಆಶ್ವಯುಜ ಬಂದು ನವರಾತ್ರಿ ಶುರುವಾದದ್ದು ಅಕ್ಟೋಬರ್ 17ಕ್ಕೆ. ಅಧಿಕ ಮಾಸದಲ್ಲಿ ಹುಟ್ಟಿದ ಮಗುವಿನ ಜನ್ಮತಿಥಿಯನ್ನು ಮಿಕ್ಕ ವರ್ಷಗಳಲ್ಲಿ ನಿಜ ಮಾಸದ ಅದೇ ತಿಥಿಗೆ ಮಾಡುತ್ತಾರೆ. ಫೆಬ್ರುವರಿ 29ರ ಮಕ್ಕಳನ್ನು ಯಾರಾದರೂ ಅಪರೂಪ ಎಂದರೆ ಮೇಷ್ಟ್ರು ಈ ಮಕ್ಕಳನ್ನು ನೆನಪಿಸುತ್ತಿದ್ದರು. 2004ರ ಅಧಿಕ ಶ್ರಾವಣದಲ್ಲಿ ಹುಟ್ಟಿದವರಿಗೆ ಆ ಮಾಸ ಮತ್ತೆ ಸಿಕ್ಕಿದ್ದು 2023ರಲ್ಲಿ, ಹತ್ತೊಂಬತ್ತು ವರ್ಷಕ್ಕೆ.

ಅಧಿಕ ವರ್ಷದ ಸಂಕ್ರಾಂತಿ ಜನವರಿ 15ಕ್ಕೆ ಬೀಳುವುದಕ್ಕೂ ಕಾರಣ ಮೊದಲು ಹೇಳಿದ ಗಂಟೆಗಳ ಬಾಕಿಯೇ. ಮಕರ ಸಂಕ್ರಮಣ ವರ್ಷಕ್ಕೆ ಆರು ಗಂಟೆಯಷ್ಟು ಮುಂದೆ ಸರಿಯುತ್ತಾ ಹೋಗಿ, ಫೆಬ್ರುವರಿ 29 ಬಂದ ಮೇಲೆ ಒಂದು ದಿನ ಹಿಂದಕ್ಕೆ ಬರುತ್ತದೆ. 2024ರಲ್ಲಿ 15ಕ್ಕೆ ಕಿಚ್ಚು ಹಾಯಿಸಿದವರು 2025ರಲ್ಲಿ 14ಕ್ಕೇ ಹಾಯಿಸಿದ್ದು ಹಾಗೆ.

ವಾರದ ಲೆಕ್ಕವೂ ಇದೆ. ನಾಲ್ಕು ವರ್ಷಕ್ಕೆ 1461 ದಿನ, ಅಂದರೆ 208 ವಾರ ಮತ್ತು 5 ದಿನ. ಫೆಬ್ರುವರಿ 29 ಪ್ರತಿ ಸಲ ವಾರದಲ್ಲಿ ಐದು ದಿನ ಮುಂದಕ್ಕೆ ಹೋಗುತ್ತದೆ: 2020 ಶನಿವಾರ, 2024 ಗುರುವಾರ, 2028 ಮಂಗಳವಾರ. 28 ವರ್ಷಕ್ಕೆ ಸುತ್ತು ಮುಗಿಯುತ್ತದೆ, 1996ರ ಗುರುವಾರ 2024ರಲ್ಲಿ ಬಂದಂತೆ. ಫೆಬ್ರುವರಿಯ ಕೊನೆಯ ದಿನ ಯಾವ ವಾರವೋ 4-4 (ಅಂದರೆ ಏಪ್ರಿಲ್ 4), 6-6, 8-8, 10-10, 12-12 ಎಲ್ಲ ಅದೇ ವಾರ. 2024ರ ಆಗಸ್ಟ್ 8 ಗುರುವಾರ, ಆದ್ದರಿಂದ ಸ್ವಾತಂತ್ರ್ಯ ದಿನವೂ ಗುರುವಾರ. ಇಷ್ಟು ನೆನಪಿಟ್ಟರೆ ಕ್ಯಾಲೆಂಡರ್ ನೋಡದೆ ವರ್ಷದ ಯಾವ ದಿನದ ವಾರವನ್ನಾದರೂ ಹೇಳಬಹುದು.

ಈಗ ಕಚೇರಿಯ ಕೆಲಸವೆಲ್ಲ ಕಂಪ್ಯೂಟರಿನಲ್ಲಿ. ಅಲ್ಲಿಯೂ ಈ ದಿನ ಎಡವಿಸುತ್ತದೆ. ಎಕ್ಸೆಲ್‌ನಲ್ಲಿ 29-2-2024ಕ್ಕೆ ಇಡೇಟ್ ಸೂತ್ರದಿಂದ 12 ತಿಂಗಳು ಕೂಡಿಸಿದರೆ 28-2-2025 ಬರುತ್ತದೆ. ಡೇಟ್ ಸೂತ್ರದಲ್ಲಿ ಇಸವಿಯನ್ನು ಮಾತ್ರ 2025 ಮಾಡಿದರೆ 1-3-2025 ಬರುತ್ತದೆ. ಒಂದೇ ಹಾಳೆಯ ಎರಡು ಕಾಲಂಗಳಲ್ಲಿ ಎರಡು ಸೂತ್ರ ಹಾಕಿದ್ದರೆ ಒಬ್ಬರಿಗೇ ಎರಡು ತಾರೀಖು ಬರುತ್ತವೆ, ಹಾಗಾಗಿ ಯಾವುದಾದರೂ ಒಂದನ್ನೇ ಬಳಸಬೇಕು. ಎಕ್ಸೆಲ್ 1900ನ್ನೂ ಅಧಿಕ ವರ್ಷವೆಂದೇ ಎಣಿಸುತ್ತದೆ. ಲೋಟಸ್ 1-2-3 ಎಂಬ ಹಳೆಯ ಲೆಕ್ಕದ ತಂತ್ರಾಂಶದ ತಪ್ಪನ್ನು ಹೊಂದಾಣಿಕೆಗಾಗಿ ಹಾಗೇ ಉಳಿಸಿಕೊಂಡದ್ದು ಅದು.

ಸರ್ಕಾರಿ ನೌಕರರು ನಿವೃತ್ತರಾಗುವುದು ವಯಸ್ಸು ತುಂಬಿದ ತಿಂಗಳ ಕೊನೆಯ ದಿನ. ರಾಜ್ಯದಲ್ಲಿ ನಿವೃತ್ತಿ 58ಕ್ಕೆ ಇದ್ದಾಗ ಫೆಬ್ರುವರಿ 29ರಂದು ಹುಟ್ಟಿದವರು 28ಕ್ಕೆ ಮನೆಗೆ ಹೋಗುತ್ತಿದ್ದರು. 60 ಆದ ಮೇಲೆ, 60 ನಾಲ್ಕರಿಂದ ಭಾಗವಾಗುವುದರಿಂದ, 1964ರ ಫೆಬ್ರುವರಿ 29ರಂದು ಹುಟ್ಟಿದವರ ಕೊನೆಯ ಕೆಲಸದ ದಿನ 2024ರ ಫೆಬ್ರುವರಿ 29, ಹುಟ್ಟಿದ ತಾರೀಖೇ.

ಮೇಷ್ಟ್ರಿಗೆ ನಿಜವಾಗಿ ಸಿಟ್ಟು ಬರುತ್ತಿದ್ದದ್ದು ಒಂದು ವಿಷಯಕ್ಕೆ: ಶಾಲೆಗೆ ಸೇರಿಸುವಾಗ "ಇಪ್ಪತ್ತೊಂಬತ್ತು ಯಾಕೆ, ಇಪ್ಪತ್ತೆಂಟು ಅಂತ ಬರ್ಕೊಳಿ ಸಾರ್" ಎಂದು ಕೇಳುವುದಕ್ಕೆ. ಆಚರಿಸುವ ದಿನವನ್ನು ಮನೆಯವರು ಹೇಗಾದರೂ ಇಟ್ಟುಕೊಳ್ಳಲಿ, ದಾಖಲಾತಿ ಪುಸ್ತಕದಲ್ಲಿ ಮಾತ್ರ ಹುಟ್ಟಿದ ದಿನವೇ ಇರಬೇಕು ಅನ್ನುತ್ತಿದ್ದರು. ಇನ್ನೊಂದು ತಪ್ಪು ರಾತ್ರಿ ಹುಟ್ಟಿದ ಮಕ್ಕಳದು. ನಮ್ಮ ಕಡೆ ಹಿರಿಯರು ದಿನವನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ಮಾರ್ಚ್ 1ರ ರಾತ್ರಿ 2 ಗಂಟೆಗೆ ಹುಟ್ಟಿದ ಮಗು ಅವರ ಬಾಯಲ್ಲಿ ಫೆಬ್ರುವರಿ 29ರ ಮಗು, ಜನನ ಪತ್ರದಲ್ಲಿ ಮಾರ್ಚ್ 1ರದು. ದಾಖಲೆಗೆ ಜನನ ಪತ್ರವೇ ಆಧಾರ, ಜಾತಕಕ್ಕೆ ಹುಟ್ಟಿದ ಹೊತ್ತು ಬೇಕು. ಎರಡನ್ನೂ ಪ್ರತ್ಯೇಕವಾಗಿ ಬರೆದಿಡಬೇಕು.

ಈಗ ಹೈಸ್ಕೂಲಿನಲ್ಲಿರುವ, 2012ರ ಫೆಬ್ರುವರಿ 29ರಂದು ಹುಟ್ಟಿದ ಮಕ್ಕಳ ಪೋಷಕರಿಗೆ ಒಂದು ಮಾತು. ಜನನ ಪತ್ರ, ಆಧಾರ್, ಶಾಲೆಯ ದಾಖಲಾತಿ ಪುಸ್ತಕ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಲ್ಲದರಲ್ಲೂ 29-02-2012 ಎಂದು ಅಂಕಿಯಲ್ಲೂ, ಅಕ್ಷರದಲ್ಲಿ ಬರೆಯುವ ಕಡೆ ಅಕ್ಷರದಲ್ಲೂ ಒಂದೇ ಇರಬೇಕು. ಬೇರೆಯಿದ್ದರೆ ಎಸ್ಸೆಸ್ಸೆಲ್ಸಿ ನಾಮಿನಲ್ ರೋಲ್ (ಪರೀಕ್ಷೆಗೆ ಕೂರುವವರ ಪಟ್ಟಿ) ಬೋರ್ಡಿಗೆ ಹೋಗುವ ಮುಂಚೆಯೇ ಮುಖ್ಯೋಪಾಧ್ಯಾಯರ ಗಮನಕ್ಕೆ ತನ್ನಿ. ಅಂಕಪಟ್ಟಿ ಅಚ್ಚಾದ ಮೇಲೆ ಜನ್ಮ ದಿನಾಂಕ ತಿದ್ದಿಸುವುದು ಬಹಳ ಓಡಾಟದ ಕೆಲಸ.