ತೊಳೆದೆ ಎಂದುಕೊಂಡ ಕೈ

ಆಸ್ಪತ್ರೆಯಲ್ಲಿ ನನ್ನ ಕೆಲಸ ಸೋಂಕು ನಿಯಂತ್ರಣ. ದಿನದ ಬಹುಪಾಲು ಬೇರೆಯವರ ಕೈಗಳನ್ನೇ ನೋಡುತ್ತಿರುತ್ತೇನೆ. ರೋಗಿಯನ್ನು ಮುಟ್ಟುವ ಮೊದಲು ಕೈ ಶುಚಿಯಾಯಿತೇ, ಮುಟ್ಟಿದ ಮೇಲೆ ಆಯಿತೇ ಎಂದು ಹಾಳೆಯಲ್ಲಿ ಗುರುತು ಹಾಕುತ್ತೇನೆ. ಪಾಳಿ ಮುಗಿಸಿದವರನ್ನು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ನಾನು ಯಾವಾಗಲೂ ತೊಳೆಯುತ್ತೇನೆ, ಸಿಸ್ಟರ್." ಹಾಳೆ ಬೇರೆಯದನ್ನೇ ಹೇಳುತ್ತಿರುತ್ತದೆ.

ಅವರು ಸುಳ್ಳು ಹೇಳುತ್ತಿಲ್ಲ. ಈ ಅಂತರ ಕಂಡ ಕೂಡಲೇ ಸೋಮಾರಿತನ, ಬೇಜವಾಬ್ದಾರಿ ಎಂದು ಷರಾ ಬರೆದು ಮುಗಿಸುವವರೊಂದಿಗೆ ನನಗೆ ಹಳೆಯ ಜಗಳವಿದೆ. ತೊಳೆದ ಸಲ ನೆನಪಿನಲ್ಲಿ ಉಳಿಯುತ್ತದೆ. ಬಿಟ್ಟುಹೋದ ಸಲ ನೆನಪಿಡುವಂಥದ್ದೇನೂ ನಡೆದಿರುವುದಿಲ್ಲ. ಬಿಸಿ ಪಾತ್ರೆಯನ್ನು ಮುಟ್ಟಿದ ಬೆರಳು ಆ ಕ್ಷಣವೇ ಪಾಠ ಕಲಿಯುತ್ತದೆ. ಇಲ್ಲಿ ಹಾಗಿಲ್ಲ. ಇಂದು ದಾಟಿದ ರೋಗಾಣು ಜ್ವರವಾಗುವುದು ಎಷ್ಟೋ ದಿನಗಳ ನಂತರ, ಬೇರೊಬ್ಬರ ಪಾಳಿಯಲ್ಲಿ. ಅದು ಯಾರ ಕೈಯಿಂದ ಬಂತು ಎಂದು ರೋಗಿಯ ಕಡತದಲ್ಲಿ ಬರೆದಿರುವುದಿಲ್ಲ. ಹೀಗಿರುವಾಗ "ನನ್ನ ಕೈ ಶುದ್ಧ" ಎಂಬ ನಂಬಿಕೆಯನ್ನು ತಿದ್ದುವವರು ಯಾರು?

ಈ ಕೆಲಸಕ್ಕೆ ಬಂದವರೆಲ್ಲ ಇಗ್ನಾಜ್ ಸೆಮೆಲ್‌ವೈಸ್ ಎಂಬ ಹೆರಿಗೆ ವೈದ್ಯರ ಕತೆಯನ್ನು ಕೇಳಿರುತ್ತಾರೆ. 1840ರ ದಶಕದ ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳಿದ್ದ ಮೊದಲನೆಯದರಲ್ಲಿ ಬಾಣಂತಿ ಜ್ವರದಿಂದ ಸಾಯುವವರು ಬಹಳ. ಸೂಲಗಿತ್ತಿಯರು ತರಬೇತಿ ಪಡೆಯುತ್ತಿದ್ದ ಎರಡನೆಯದರಲ್ಲಿ ಕಡಿಮೆ. ಗರ್ಭಿಣಿಯರಿಗೆ ಇದು ಗೊತ್ತಿತ್ತು, ಎರಡನೆಯದಕ್ಕೇ ಸೇರಿಸಿ ಎಂದು ಬೇಡಿಕೊಳ್ಳುತ್ತಿದ್ದರು. ವೈದ್ಯರು ಕೆಟ್ಟ ಗಾಳಿಯನ್ನು ದೂರುತ್ತಿದ್ದರು. 1847ರಲ್ಲಿ ಸೆಮೆಲ್‌ವೈಸ್ ಅವರ ಸಹೋದ್ಯೋಗಿಯೊಬ್ಬರು ಶವಪರೀಕ್ಷೆಯ ವೇಳೆ ಚಾಕು ತಗುಲಿ, ಬಾಣಂತಿಯರಲ್ಲಿ ಕಂಡಂಥದ್ದೇ ನಂಜಿನಿಂದ ಸತ್ತರು. ಶವ ಮುಟ್ಟಿದ ಕೈಯೇ ಹೆರಿಗೆ ಕೋಣೆಗೂ ಹೋಗುತ್ತಿದೆ ಎಂದು ಅವರಿಗೆ ಹೊಳೆಯಿತು. ಬ್ಲೀಚಿಂಗ್ ಪುಡಿಯ ದ್ರಾವಣದಲ್ಲಿ ಕೈ ತೊಳೆಯುವುದನ್ನು ಮೇ ತಿಂಗಳಲ್ಲಿ ಕಡ್ಡಾಯ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ವೇಳೆಗೆ 2ರ ಆಸುಪಾಸಿಗೆ ಇಳಿಯಿತು. ಆದರೂ ಅನೇಕ ಹಿರಿಯ ವೈದ್ಯರು ಒಪ್ಪಲಿಲ್ಲ.

ಅಹಂಕಾರದಿಂದ ಒಪ್ಪಲಿಲ್ಲ ಎಂದು ಕತೆಯನ್ನು ಮುಗಿಸುವುದು ರೂಢಿ. ನನಗೆ ಅಷ್ಟು ಸಾಲದು. ಒಪ್ಪಿದ ಒಬ್ಬರ ವಿಷಯ ಹೇಳುತ್ತೇನೆ. ಜರ್ಮನಿಯ ಕೀಲ್‌ನ ಗುಸ್ತಾವ್ ಮಿಖಾಯೆಲಿಸ್ ಹೆರಿಗೆ ತಜ್ಞರು. ವಿಯೆನ್ನಾದ ಸುದ್ದಿ ತಿಳಿದು ತಮ್ಮಲ್ಲೂ ಕೈ ತೊಳೆಸಿದರು, ಫಲ ಕಂಡರು. ತಾವು ಪರೀಕ್ಷಿಸಿದ್ದ, ತಮ್ಮದೇ ಬಂಧುವಾಗಿದ್ದ ಹೆಣ್ಣುಮಗಳೊಬ್ಬಳು ಬಾಣಂತಿ ಜ್ವರದಿಂದ ಸತ್ತದ್ದಕ್ಕೆ ತಮ್ಮ ಕೈಯೇ ಕಾರಣ ಎಂಬುದು ಅವರಿಗೆ ಆಗ ಸ್ಪಷ್ಟವಾಯಿತು. 1848ರಲ್ಲಿ ಅವರು ತಾವಾಗಿಯೇ ಜೀವ ತೆಗೆದುಕೊಂಡರು. ಸತ್ಯವನ್ನು ಒಪ್ಪಿಕೊಂಡರೆ ತೆರಬೇಕಾದ ಬೆಲೆ ಇಷ್ಟಿರುವಾಗ, ಉಳಿದವರು ಕೆಟ್ಟ ಗಾಳಿಯ ವಾದಕ್ಕೇ ಅಂಟಿಕೊಂಡದ್ದು ನನಗೆ ಅರ್ಥವಾಗುತ್ತದೆ. ಅದರಿಂದ ಸತ್ತ ತಾಯಂದಿರ ಲೆಕ್ಕ ಕಡಿಮೆಯಾಗುವುದಿಲ್ಲ, ಅದು ಬೇರೆ ಮಾತು.

ಇಂದು ರೋಗಾಣುವನ್ನು ನಂಬದವರು ವಾರ್ಡಿನಲ್ಲಿ ಒಬ್ಬರೂ ಇಲ್ಲ. ಆದರೂ ನನ್ನ ಹಾಳೆಯಲ್ಲಿ ಒಂದು ಕ್ರಮ ಮತ್ತೆ ಮತ್ತೆ ಕಾಣುತ್ತದೆ: ರೋಗಿಯನ್ನು ಮುಟ್ಟಿದ ಮೇಲೆ ತೊಳೆಯುವವರು ಹೆಚ್ಚು, ಮುಟ್ಟುವ ಮೊದಲು ತೊಳೆಯುವವರು ಕಡಿಮೆ. ಬೇರೆ ದೇಶಗಳ ಆಸ್ಪತ್ರೆಗಳಲ್ಲೂ ಇದೇ ಕಂಡಿದೆ. ಮುಟ್ಟಿದ ಮೇಲೆ ಜಿಗುಟು, ವಾಸನೆ, ರಕ್ತ. ಕೈ ತಾನಾಗಿ ನಲ್ಲಿಯ ಕಡೆ ಹೋಗುತ್ತದೆ. ಮೊದಲಿನ ಕೈ ನೋಡಲು ಶುಭ್ರ. ಅದಕ್ಕೆ ಅಂಟಿರುವುದು ಕಣ್ಣಿಗೆ ಬೀಳುವುದಿಲ್ಲ, ಅಪಾಯ ರೋಗಿಗೆ. ಗ್ಲೌಸ್ ಹಾಕಿಕೊಂಡರಂತೂ ಆ ಭ್ರಮೆ ಇನ್ನೂ ಗಟ್ಟಿ. ಅದೇ ಗ್ಲೌಸ್‌ನಲ್ಲಿ ಒಂದು ಮಂಚದಿಂದ ಇನ್ನೊಂದಕ್ಕೆ ಹೋಗುತ್ತಾರೆ.

ಹಾಗಾದರೆ "ನಿಮಗೇ ರೋಗ ಬಂದೀತು" ಎಂದು ಹೆದರಿಸಬಹುದಲ್ಲ ಎನ್ನಿಸುತ್ತದೆ. ಆಡಂ ಗ್ರಾಂಟ್ ಮತ್ತು ಡೇವಿಡ್ ಹಾಫ್‌ಮನ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಫಲಕ ಕೆಲಸ ಮಾಡಲಿಲ್ಲ. ಕೈ ಶುಚಿಯಿಂದ ರೋಗಿಗಳಿಗೆ ಸೋಂಕು ತಪ್ಪುತ್ತದೆ ಎಂದು ಬರೆದ ಫಲಕದ ಬಳಿ ಸೋಪು ಹೆಚ್ಚು ಖರ್ಚಾಯಿತು. ಇಷ್ಟು ವರ್ಷ ರೋಗಿಗಳ ನಡುವೆ ಇದ್ದೂ ತನಗೇನೂ ಆಗಿಲ್ಲ ಎಂಬ ಅನುಭವದ ಮುಂದೆ ಬೆದರಿಕೆ ನಿಲ್ಲುವುದಿಲ್ಲ.

ತರಬೇತಿಯಲ್ಲಿ ನಾನು ಹೆಚ್ಚು ನಂಬುವುದು ನೇರಳಾತೀತ ದೀಪವನ್ನು. ಅದರ ಬೆಳಕಿನಲ್ಲಿ ಹೊಳೆಯುವ ಲೋಷನ್ ಹಚ್ಚಿ, ಎಂದಿನಂತೆ ತೊಳೆದು ಬನ್ನಿ ಎನ್ನುತ್ತೇನೆ. ದೀಪದ ಕೆಳಗೆ ಹಿಡಿದರೆ ಹೆಬ್ಬೆರಳು, ಬೆರಳ ತುದಿ, ಬೆರಳ ಸಂದುಗಳು ಹೊಳೆಯುತ್ತವೆ. ಅಲ್ಲಿ ವಾದವಿಲ್ಲ. ಯಾರೂ ಹೇಳದೆಯೇ ಮತ್ತೆ ನಲ್ಲಿಗೆ ಹೋಗುತ್ತಾರೆ.

ಉಪನ್ಯಾಸ ಹೆಚ್ಚಿಸಿ ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ನಾನು ಕೇಳುತ್ತಿರುವುದು ಎರಡು: ಸ್ಯಾನಿಟೈಸರ್ ಬಾಟಲಿ ವಾರ್ಡಿನ ಬಾಗಿಲಿನಿಂದ ಮಂಚದ ಪಕ್ಕಕ್ಕೆ ಬರಬೇಕು; ತಿಂಗಳ ಸೋಂಕಿನ ಲೆಕ್ಕ ಕಚೇರಿಯ ಕಡತದಿಂದ ಅದೇ ವಾರ್ಡಿನ ಗೋಡೆಗೆ ಬರಬೇಕು. ಮೊದಲನೆಯದಕ್ಕೆ ಒಪ್ಪಿಗೆ ಸಿಕ್ಕಿದೆ. ಎರಡನೆಯದು ಅವಮಾನ ಎಂದು ಕೆಲವರ ಆಕ್ಷೇಪ. ಹೆಸರು ಹಾಕಿದರೆ ಜನ ಕಣ್ಣು ಮುಚ್ಚಿಕೊಳ್ಳುತ್ತಾರೆ ಎಂಬುದು ನನಗೂ ಗೊತ್ತು. ಅದಕ್ಕೇ ವಾರ್ಡಿನ ಒಟ್ಟು ಲೆಕ್ಕ ಮಾತ್ರ ಇರಲಿ, ಯಾರ ಹೆಸರೂ ಬೇಡ ಎಂದು ತಿದ್ದಿ ಬರೆದುಕೊಟ್ಟಿದ್ದೇನೆ. ಮುಂದಿನ ಸಭೆಯಲ್ಲಿ ಮತ್ತೆ ಕೇಳುತ್ತೇನೆ.